ಫೋಟೋ ಹಾಕಿದರು, ಮಾತು ಬಿಟ್ಟರು

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಇರಾಕ್ ಯುದ್ಧದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬರೆದದ್ದು. ಪೂರ್ತಿ ಹಾಕಲು ಜಾಗವಿಲ್ಲ. ಸಾರಾಂಶ ಹೀಗಿದೆ: "2003ರಲ್ಲಿ ನನ್ನ ಮಗ ಕೆಲಸದ ಮೇಲೆ ನ್ಯೂಯಾರ್ಕಿನಲ್ಲಿದ್ದ. ಯುದ್ಧ ಬೇಡ ಅಂತ ಲಕ್ಷಗಟ್ಟಲೆ ಜನ ಚಳಿಯಲ್ಲಿ ನಿಂತದ್ದನ್ನು ಕಣ್ಣಾರೆ ಕಂಡಿದ್ದಾನೆ. ಅಲ್ಲಿನ ಪೇಪರು, ಟೀವಿ ಅದರ ಬಗ್ಗೆ ಒಂದು ಸಾಲೂ ಹೇಳಲಿಲ್ಲವಂತೆ. ದುಡ್ಡು ತಿಂದವರು ಹೇಗೆ ಹೇಳ್ತಾರೆ? ಮಾಲೀಕರೆಲ್ಲ ಮದ್ದುಗುಂಡಿನ ವ್ಯಾಪಾರಿಗಳು. ಅಷ್ಟು ಜನ ಬಂದರೂ ಸುದ್ದಿಯಾಗದಿದ್ದರೆ ಬೀದಿಗಿಳಿಯುವುದೇ ದಂಡ ಅಲ್ವಾ? ನೀವೂ ಪತ್ರಿಕೆಯವರು, ಸುತ್ತಿ ಬಳಸದೆ ಉತ್ತರ ಕೊಡಿ."

ಮೇಷ್ಟ್ರೇ, ನಮಸ್ಕಾರ.

ಮೊದಲು ಆ "ಒಂದು ಸಾಲೂ" ಅನ್ನುವುದನ್ನೇ ತೆಗೆದುಕೊಳ್ಳೋಣ. ಅದು ಸರಿಯಲ್ಲ. ನಿಮ್ಮ ಮಗ ಕಂಡದ್ದು 2003ರ ಫೆಬ್ರವರಿ 15ರ ಶನಿವಾರದ ಸಭೆ ಇರಬೇಕು. ಆ ವಾರಾಂತ್ಯ ಜಗತ್ತಿನ ಸುಮಾರು 600 ಊರುಗಳಲ್ಲಿ ಜನ ಬೀದಿಗೆ ಬಂದಿದ್ದರು. ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ಸಂಶೋಧನಾ ಕೇಂದ್ರದಲ್ಲಿದ್ದವರು ಕೂಡ ಹಿಮದ ಮೇಲೆ ನಿಂತು ಯುದ್ಧ ಬೇಡ ಅಂದಿದ್ದರು. ಮರುದಿನ ನ್ಯೂಯಾರ್ಕ್ ಟೈಮ್ಸ್ ಇದನ್ನು ಮುಖಪುಟಕ್ಕೆ ತಂದಿತು. 17ರಂದು ಅದೇ ಪತ್ರಿಕೆಯ ಪ್ಯಾಟ್ರಿಕ್ ಟೈಲರ್, ಭೂಮಿಯ ಮೇಲೆ ಇನ್ನೂ ಎರಡು ಮಹಾಶಕ್ತಿಗಳು ಇರಬಹುದು, ಒಂದು ಅಮೆರಿಕ, ಇನ್ನೊಂದು ಜಗತ್ತಿನ ಜನಾಭಿಪ್ರಾಯ ಎಂಬರ್ಥದಲ್ಲಿ ಬರೆದರು. ಮುಚ್ಚಿಟ್ಟ ಸುದ್ದಿಗೆ ಯಾರೂ ಇಷ್ಟು ದೊಡ್ಡ ಮಾತು ಬಳಸುವುದಿಲ್ಲ.

ಆದರೂ ನಿಮ್ಮ ಮಗನಿಗೆ ಹಾಗನ್ನಿಸಿದ್ದು ಸುಮ್ನೆ ಅಲ್ಲ. ಅವರು ಟೀವಿ ಹಾಕಿದಾಗೆಲ್ಲ ಕಂಡದ್ದು ಬೇರೆಯೇ. ಫೆಬ್ರವರಿ 5ರಂದು ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಇರಾಕಿನ ಮೇಲೆ ಆರೋಪಗಳ ದೊಡ್ಡ ಪಟ್ಟಿ ಓದಿದರಲ್ಲ, ಅದರ ಹಿಂದಿನ ಒಂದು ವಾರ, ಮುಂದಿನ ಒಂದು ವಾರ ಎಬಿಸಿ, ಸಿಬಿಎಸ್, ಎನ್‌ಬಿಸಿ, ಪಿಬಿಎಸ್ ಈ ನಾಲ್ಕು ವಾಹಿನಿಗಳ ಸಂಜೆ ವಾರ್ತೆಯಲ್ಲಿ ಯಾರು ಯಾರು ಮಾತಾಡಿದರು ಎಂದು ಫೇರ್ ಎಂಬ ಮಾಧ್ಯಮ ಕಾವಲು ಸಂಸ್ಥೆ ಕೂತು ಎಣಿಸಿತು. ಇರಾಕ್ ವಿಷಯಕ್ಕೆ ಒಟ್ಟು 393 ಮಂದಿ ಪರದೆಗೆ ಬಂದಿದ್ದರು. ಅವರಲ್ಲಿ ಶೇಕಡಾ 76 ಮಂದಿ ಹಾಲಿ ಅಥವಾ ಮಾಜಿ ಸರ್ಕಾರಿ ಪದಾಧಿಕಾರಿಗಳು. ಯುದ್ಧವಿರೋಧಿ ಸಂಘಟನೆಗಳ ಕಡೆಯಿಂದ ಬಂದವರು ಮೂರು ಜನ.

ಫೇರ್ ಎಡಕ್ಕೆ ವಾಲಿದ ಸಂಸ್ಥೆ, ಅದೂ ನಿಮಗೆ ಗೊತ್ತಿರಲಿ. ಆದರೆ ತಲೆ ಎಣಿಸುವುದರಲ್ಲಿ ಎಡ ಬಲ ಅಂತೇನಿಲ್ಲ. ಯಾರು ಬೇಕಾದರೂ ಟೇಪು ಹಾಕಿ ಮತ್ತೆ ಎಣಿಸಬಹುದಿತ್ತು.

ನನ್ನ ಉತ್ತರದ ತಿರುಳು ಇಲ್ಲೇ ಇದೆ. ಪ್ರತಿಭಟನೆಯನ್ನು ತೋರಿಸಿದರು. ಪ್ರತಿಭಟನೆ ಮಾಡಿದವರ ವಾದವನ್ನು ಕೇಳಿಸಲಿಲ್ಲ. ಆ ಜನ ಬರೀ "ಶಾಂತಿ, ಶಾಂತಿ" ಅನ್ನುತ್ತಿರಲಿಲ್ಲ. ಅವರಲ್ಲಿ ಬಹಳ ಜನರ ಬೇಡಿಕೆ ಸ್ಪಷ್ಟವಾಗಿತ್ತು. ಹಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆ ತಂಡ 2002ರ ನವೆಂಬರ್ ಕೊನೆಯಿಂದ ಇರಾಕಿನಲ್ಲಿ ಹುಡುಕಾಟ ನಡೆಸಿತ್ತು. ಫೆಬ್ರವರಿ 14ರಂದು, ಅಂದರೆ ಮೆರವಣಿಗೆಯ ಹಿಂದಿನ ದಿನ, ಸಮೂಹನಾಶದ ಅಸ್ತ್ರಗಳು ಇನ್ನೂ ಸಿಕ್ಕಿಲ್ಲ ಎಂದು ಬ್ಲಿಕ್ಸ್ ಭದ್ರತಾ ಮಂಡಳಿಗೆ ವರದಿ ಕೊಟ್ಟಿದ್ದರು. ಹುಡುಕುವವರು ಹುಡುಕುತ್ತಿರುವಾಗ ಬಾಂಬ್ ಹಾಕುವ ಅವಸರ ಏನು? ಇದು ಪ್ರಶ್ನೆ. ಸಂಜೆ ಏಳರ ವಾರ್ತೆಯಲ್ಲಿ ಒಬ್ಬ ಮಂತ್ರಿಯ ಎದುರಿಗೆ ಒಬ್ಬರನ್ನು ಕೂರಿಸಿ ಕೇಳಿಸಬಹುದಾಗಿದ್ದ ಪ್ರಶ್ನೆ. ಅದರ ಬದಲಿಗೆ ಬಂದದ್ದು ಡೋಲು, ದೊಡ್ಡ ಗೊಂಬೆ, ಬಣ್ಣ ಬಳಿದ ಮುಖ, ಒಂದೆರಡು ಘೋಷಣೆ. ಆಮೇಲೆ ಹವಾಮಾನ.

ನಮ್ಮಲ್ಲೂ ಧರಣಿ ಅಂದರೆ "ಸಂಚಾರ ಅಸ್ತವ್ಯಸ್ತ, ಪ್ರಯಾಣಿಕರ ಪರದಾಟ" ಅಂತಲೇ ತಾನೇ ಶೀರ್ಷಿಕೆ? ಧರಣಿ ಯಾತಕ್ಕೆ ಅಂತ ತಿಳಿಯಬೇಕಾದರೆ ಐದನೇ ಪ್ಯಾರಾದವರೆಗೆ ಹೋಗಬೇಕು. ಆ ಚಾಳಿ ಎಲ್ಲ ಕಡೆಯೂ ಇದೆ. ಯುದ್ಧ ಶುರುವಾದ ಮಾರ್ಚ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದ ಪೇಟೆ ಬೀದಿಗಳಲ್ಲಿ ಜನ ಅಡ್ಡ ಕೂತು, ಸಾವಿರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದರು. ಅಂಥ ದಿನ ಯಾವ ರಸ್ತೆ ಬಂದ್, ಎಷ್ಟು ಜನ ಒಳಗೆ ಅನ್ನುವುದೇ ಸುದ್ದಿಯಾಗಿಬಿಡುತ್ತದೆ.

ಇನ್ನು ತಲೆ ಎಣಿಕೆಯ ಜಗಳ. ಇದರಲ್ಲಿ ಯುದ್ಧವಿರೋಧಿಗಳಿಗೆ ನಿಜವಾಗಿ ಅನ್ಯಾಯವಾದದ್ದು 2002ರ ಅಕ್ಟೋಬರ್ 26ರಂದು, ವಾಷಿಂಗ್ಟನ್ನಿನ ಮೆರವಣಿಗೆಯಲ್ಲಿ. ಮರುದಿನ ನ್ಯೂಯಾರ್ಕ್ ಟೈಮ್ಸ್ "ಸಾವಿರಾರು ಜನ" ಎಂದು ಬರೆದು, ಸಂಘಟಕರು ಅಂದುಕೊಂಡಷ್ಟು ಜನ ಬರಲಿಲ್ಲ ಎಂದು ಸೇರಿಸಿತು. ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ಹತ್ತು ಸಾವಿರಕ್ಕಿಂತ ಕಡಿಮೆ ಅಂದಿತು. ಅದೇ ಊರಿನ ಪತ್ರಿಕೆ ವಾಷಿಂಗ್ಟನ್ ಪೋಸ್ಟ್ ಮಾತ್ರ 1 ಲಕ್ಷ ಎಂದು ಬರೆಯಿತು. ಓದುಗರು, ಕೇಳುಗರು ಸುಮ್ಮನಿರಲಿಲ್ಲ, ಪತ್ರ, ಈಮೇಲ್ ಸುರಿಸಿದರು. ಎನ್‌ಪಿಆರ್ ತಿದ್ದುಪಡಿ ಹೇಳಿತು. ಟೈಮ್ಸ್ 30ರಂದು ಇನ್ನೊಂದು ವರದಿ ಹಾಕಿ, ಪೊಲೀಸರ ಪ್ರಕಾರ 1 ಲಕ್ಷ, ಸಂಘಟಕರ ಪ್ರಕಾರ 2 ಲಕ್ಷ ಎಂದಿತು. ಸಾವಿರಾರು ಎಲ್ಲಿ, ಲಕ್ಷ ಎಲ್ಲಿ!

ಇದರ ಹಿಂದೆ ಒಂದು ಹಳೆಯ ಕಥೆಯಿದೆ. ವಾಷಿಂಗ್ಟನ್ನಿನ ದೊಡ್ಡ ಸಭೆಗಳ ಜನಸಂಖ್ಯೆಯನ್ನು ಮೊದಲೆಲ್ಲ ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಸರ್ಕಾರಿ ಇಲಾಖೆ ಹೇಳುತ್ತಿತ್ತು. 1995ರಲ್ಲಿ ಕಪ್ಪು ಜನಾಂಗದವರ ಭಾರಿ ಸಭೆಯೊಂದು ನಡೆಯಿತು, ಹೆಸರೇ ಮಿಲಿಯನ್ ಮ್ಯಾನ್ ಮಾರ್ಚ್. ಇಲಾಖೆ 4 ಲಕ್ಷ ಅಂದಿತು. ಹೆಸರಿನಲ್ಲೇ ಹತ್ತು ಲಕ್ಷ ಇಟ್ಟುಕೊಂಡ ಸಂಘಟಕ ಲೂಯಿ ಫರಾಖಾನ್ ಕೇಸು ಹಾಕುತ್ತೇನೆ ಅಂದರು. ಬೋಸ್ಟನ್ ವಿಶ್ವವಿದ್ಯಾಲಯದವರು ಫೋಟೋ ನೋಡಿ ಲೆಕ್ಕ ಹಾಕಿ ಸುಮಾರು 8 ಲಕ್ಷದ 37 ಸಾವಿರ ಅಂದರು, ಅದರಲ್ಲೂ ಶೇಕಡಾ 20 ಆಚೀಚೆ ಆಗಬಹುದು ಅಂದರು. ಮರುವರ್ಷ ಅಮೆರಿಕದ ಕಾಂಗ್ರೆಸ್ ಈ ತಲೆನೋವೇ ಬೇಡ ಅಂತ ಇಲಾಖೆಯ ಎಣಿಕೆಯನ್ನೇ ನಿಲ್ಲಿಸಿತು. ಹಾಗಾಗಿ 2002ರಲ್ಲಿ ವರದಿಗಾರನ ಕೈಯಲ್ಲಿ ಅಧಿಕೃತ ಅನ್ನುವ ಸಂಖ್ಯೆ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋಗಿ ಕಾಫಿ ಹೊತ್ತಿಗೆ ವಾಪಸ್ ಬಂದವನ ಕಣ್ಣಂದಾಜೇ ಸುದ್ದಿಯಾಗುವ ಅಪಾಯ ಇತ್ತು.

ಎಣಿಸುವುದಕ್ಕೆ ದಾರಿ ಇಲ್ಲದಿಲ್ಲ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮದ ಮೇಷ್ಟ್ರು ಇದ್ದರು. ಅವರ ಕೋಣೆಯ ಕಿಟಕಿಯಿಂದ ವಿದ್ಯಾರ್ಥಿಗಳು ಪ್ರತಿಭಟಿಸುತ್ತಿದ್ದ ಅಂಗಳ ಕಾಣುತ್ತಿತ್ತು. ನೆಲದ ಮೇಲೆ ಚೌಕದ ಗೆರೆಗಳಿದ್ದವು. ಕೆಲವು ಚೌಕಗಳಲ್ಲಿ ಎಷ್ಟು ಜನ ಅಂತ ಎಣಿಸಿ, ಒಟ್ಟು ಚೌಕಗಳಿಂದ ಗುಣಿಸಿದರು. ಬಿಡಿಯಾಗಿ ನಿಂತ ಗುಂಪಾದರೆ ಒಬ್ಬರಿಗೆ 10 ಚದರಡಿ, ಒತ್ತಾಗಿದ್ದರೆ ನಾಲ್ಕೂವರೆ ಚದರಡಿ. ಇವತ್ತಿಗೂ ಬಹಳ ಕಡೆ ಹಿಡಿಯುವ ಲೆಕ್ಕ ಅದೇ.

ಈ ಲೆಕ್ಕ ಪ್ರತಿಭಟನಾಕಾರರ ಪರವಾಗಿಯೇ ಬರುತ್ತದೆ ಅಂತಲೂ ಇಲ್ಲ. ಫೆಬ್ರವರಿ 16ರ ಸ್ಯಾನ್ ಫ್ರಾನ್ಸಿಸ್ಕೊ ಮೆರವಣಿಗೆಗೆ 2 ಲಕ್ಷ ಜನ ಅಂತ ಎಲ್ಲ ಕಡೆ ಬಂತು. ಅಲ್ಲಿನ ಕ್ರಾನಿಕಲ್ ಪತ್ರಿಕೆ ವಿಮಾನದಿಂದ ಫೋಟೋ ತೆಗೆಸಿ ಎಣಿಸಿದಾಗ ಸಿಕ್ಕಿದ್ದು ಸುಮಾರು 65 ಸಾವಿರ. ಲಂಡನ್ನಿನಲ್ಲಿ ಪೊಲೀಸರು ಏಳೂವರೆ ಲಕ್ಷ ಅಂದರೆ ಸಂಘಟಕರು 20 ಲಕ್ಷ. ರೋಮ್‌ನಲ್ಲಿ ಪೊಲೀಸರದು ಆರೂವರೆ ಲಕ್ಷ, ಸಂಘಟಕರದು 30 ಲಕ್ಷ. ನನ್ನನ್ನು ಕೇಳಿದರೆ ಎರಡೂ ಸಂಖ್ಯೆ ಹಾಕಿ, ಯಾರು ಯಾವುದು ಹೇಳಿದರು ಅಂತ ಬರೆದು, ಉಳಿದ ಜಾಗವನ್ನು ಆ ಜನ ಏನು ಹೇಳಿದರು ಅನ್ನುವುದಕ್ಕೆ ಬಿಡಬೇಕು. ಸಂಖ್ಯೆಯ ಜಗಳ ಎಷ್ಟು ಬೆಳೆಯುತ್ತದೋ ವಾದಕ್ಕೆ ಅಷ್ಟು ಜಾಗ ಕಡಿಮೆಯಾಗುತ್ತದೆ.

ನ್ಯೂಯಾರ್ಕಿನ ವಿಷಯ ಇನ್ನೂ ಸ್ವಲ್ಪ ಬೇರೆ. ಅಲ್ಲಿ ಮೆರವಣಿಗೆಯೇ ನಡೆಯಲಿಲ್ಲ. ವಿಶ್ವಸಂಸ್ಥೆ ಕಟ್ಟಡದ ಮುಂದೆ ಹಾದುಹೋಗುವುದಕ್ಕೆ ಸಂಘಟಕರು ಅನುಮತಿ ಕೇಳಿದರು. ಭದ್ರತೆಯ ಕಾರಣ ಹೇಳಿ ನಗರಾಡಳಿತ ಒಪ್ಪಲಿಲ್ಲ. ಫೆಡರಲ್ ನ್ಯಾಯಾಧೀಶೆಯೂ ಆಡಳಿತದ ಪರ ತೀರ್ಪು ಕೊಟ್ಟರು. ಫಸ್ಟ್ ಅವೆನ್ಯೂದಲ್ಲಿ ನಿಂತುಕೊಂಡು ಸಭೆ ಮಾಡಿ, ನಡೆಯಬೇಡಿ ಅಂತಾಯಿತು. ಪೊಲೀಸರು ಅಡ್ಡಗಟ್ಟೆ ಇಟ್ಟು ಜನರನ್ನು ತುಂಡು ತುಂಡಾಗಿ ನಿಲ್ಲಿಸಿದರು. ಎಷ್ಟೋ ಜನ ಸೆಕೆಂಡ್, ಥರ್ಡ್ ಅವೆನ್ಯೂಗಳಲ್ಲೇ ಸಿಕ್ಕಿಹಾಕಿಕೊಂಡು ವೇದಿಕೆ ಕಾಣದೆ ಮನೆಗೆ ಹೋದರು. ಒಂದೇ ಚೌಕಟ್ಟಿನಲ್ಲಿ ಇಡೀ ಜನಸಾಗರ ಹಿಡಿಯುವ ಫೋಟೋ ಸಿಗುವ ಹಾಗೇ ಇರಲಿಲ್ಲ. ನಿಮ್ಮ ಮಗ ಎಲ್ಲಿ ನಿಂತಿದ್ದರೋ, ಕೇಳಿ ನೋಡಿ. ಅದರ ಹಿಂದಿನ ವಾರವಷ್ಟೇ ಸರ್ಕಾರ ಭಯೋತ್ಪಾದನೆ ಎಚ್ಚರಿಕೆಯ ಮಟ್ಟವನ್ನು ಕಿತ್ತಳೆ ಬಣ್ಣಕ್ಕೆ ಏರಿಸಿತ್ತು. ವಿಷಾನಿಲ ಬಂದರೆ ಕಿಟಕಿಗೆ ಅಂಟಿಸಲು ಪ್ಲಾಸ್ಟಿಕ್ ಹಾಳೆ, ಡಕ್ಟ್ ಟೇಪ್ ತಂದಿಟ್ಟುಕೊಳ್ಳಿ ಅಂತ ಅಧಿಕಾರಿಗಳು ಹೇಳಿದ್ದೇ ತಡ, ಅಂಗಡಿಗಳಲ್ಲಿ ಟೇಪ್ ಖಾಲಿ, ಟೀವಿಯಲ್ಲೂ ಅದೇ.

ಈಗ ನಿಮ್ಮ "ದುಡ್ಡು ತಿಂದವರು" ಮಾತಿಗೆ ಬರುತ್ತೇನೆ. ಸ್ವಲ್ಪ ನಿಜ ಇದೆ. ಆಗ ಎನ್‌ಬಿಸಿಯ ಮಾಲೀಕರು ಜನರಲ್ ಎಲೆಕ್ಟ್ರಿಕ್, ಯುದ್ಧವಿಮಾನದ ಎಂಜಿನ್ ಮಾಡುವ ಕಂಪನಿ. ಅವರದೇ ಎಂಎಸ್‌ಎನ್‌ಬಿಸಿ ವಾಹಿನಿಯಲ್ಲಿ ಫಿಲ್ ಡೊನಾಹ್ಯು ಎಂಬ ಹಿರಿಯ ನಿರೂಪಕ ಯುದ್ಧದ ವಿರುದ್ಧ ಮಾತಾಡುತ್ತಿದ್ದರು. ಆ ವಾಹಿನಿಯಲ್ಲಿ ಜಾಸ್ತಿ ಜನ ನೋಡುತ್ತಿದ್ದ ಕಾರ್ಯಕ್ರಮ ಅವರದೇ. ಫೆಬ್ರವರಿ 25ರಂದು ಅದನ್ನು ನಿಲ್ಲಿಸಿದರು. ಯುದ್ಧದ ಹೊತ್ತಿನಲ್ಲಿ ಇಂಥವರು ಎನ್‌ಬಿಸಿಯ ಮುಖವಾಗಿರುವುದು ಕಷ್ಟ ಎಂಬ ಒಳಗಿನ ಟಿಪ್ಪಣಿಯೊಂದು ಆಮೇಲೆ ಹೊರಬಿತ್ತು. ಒಬ್ಬ ಎಡಪಂಥೀಯರನ್ನು ಕರೆದರೆ ಇಬ್ಬರು ಬಲಪಂಥೀಯರನ್ನು ಕರೆಯಬೇಕು ಎಂದು ತಮಗೆ ಹೇಳಿದ್ದರು ಅಂತ ಡೊನಾಹ್ಯು ಹೇಳಿಕೊಂಡರು. ಇತ್ತ ಪತ್ರಿಕಾ ದೊರೆ ರೂಪರ್ಟ್ ಮರ್ಡಾಕ್ ಯುದ್ಧದ ಪರ ಅಂತ ಬಹಿರಂಗವಾಗಿ ಹೇಳಿದ್ದರು. ಅವರ ಪತ್ರಿಕೆಗಳು ಯಾವ ದೇಶದಲ್ಲಿದ್ದರೂ ಬಹುತೇಕ ಅದೇ ಧಾಟಿ ಹಿಡಿದವು.

ಆದರೆ ಮಾಲೀಕರ ಕಥೆ ಅಲ್ಲಿಗೆ ನಿಲ್ಲುತ್ತದೆ. ಎನ್‌ಪಿಆರ್‌ಗೆ ಮದ್ದುಗುಂಡಿನ ಮಾಲೀಕರಿಲ್ಲ. ಅದು ಲಾಭಕ್ಕಾಗಿ ನಡೆಯದ ರೇಡಿಯೋ. ತಲೆ ಎಣಿಸುವುದರಲ್ಲಿ ಎಲ್ಲರಿಗಿಂತ ಎಡವಿದ್ದು ಅದೇ. ವಾಷಿಂಗ್ಟನ್ ಪೋಸ್ಟ್ ಆಗ ಗ್ರಹಾಂ ಮನೆತನದ ಕೈಯಲ್ಲಿತ್ತು. ವಿಯೆಟ್ನಾಂ ಯುದ್ಧದ ಗುಟ್ಟಿನ ಕಡತಗಳನ್ನು ನ್ಯೂಯಾರ್ಕ್ ಟೈಮ್ಸ್ ಬೆನ್ನಿಗೇ ಪ್ರಕಟಿಸಿದ, ಅಧ್ಯಕ್ಷ ನಿಕ್ಸನ್ನರ ವಾಟರ್‌ಗೇಟ್ ಹಗರಣವನ್ನು ಬಯಲಿಗೆ ತಂದ ಪತ್ರಿಕೆ. ಅಲ್ಲಿ ಏನಾಯಿತು ನೋಡಿ. 2002ರ ಆಗಸ್ಟಿನಿಂದ ಯುದ್ಧ ಶುರುವಾಗುವವರೆಗೆ ಇರಾಕಿನ ವಿರುದ್ಧ ಸರ್ಕಾರ ಆಡಿದ ಮಾತುಗಳ ಮೇಲೆ ಪೋಸ್ಟ್ ಮುಖಪುಟದಲ್ಲಿ 140ಕ್ಕೂ ಹೆಚ್ಚು ಸುದ್ದಿ ಹಾಕಿತು. ಸಾಕ್ಷಿ ಎಲ್ಲಿದೆ ಅಂತ ಕೇಳಿದ ವಾಲ್ಟರ್ ಪಿಂಕಸ್ ಎಂಬ ಹಿರಿಯ ವರದಿಗಾರರ ಬರಹ 17ನೇ ಪುಟಕ್ಕೆ ಹೋಯಿತು. ಈ ಲೆಕ್ಕ ವಿರೋಧಿಗಳು ಹಾಕಿದ್ದಲ್ಲ. ಪೋಸ್ಟ್‌ನದೇ ಮಾಧ್ಯಮ ವರದಿಗಾರ ಹವರ್ಡ್ ಕರ್ಟ್ಜ್ 2004ರ ಆಗಸ್ಟ್‌ನಲ್ಲಿ ತಮ್ಮ ಪತ್ರಿಕೆಯ ಬಗ್ಗೆಯೇ ಬರೆದದ್ದು. ಹೇಗೂ ಯುದ್ಧ ಆಗಿಯೇ ಆಗುತ್ತದೆ, ಈ ತಕರಾರೆಲ್ಲ ಯಾಕೆ ಅನ್ನುವ ಧೋರಣೆ ಸಂಪಾದಕರಲ್ಲಿ ಇತ್ತು ಎಂದು ಸೇನಾ ವರದಿಗಾರ ಥಾಮಸ್ ರಿಕ್ಸ್ ಅವರಿಗೆ ಹೇಳಿದ್ದರು. ಸರ್ಕಾರ ಏನು ಮಾಡುತ್ತದೆ ಅಂತ ತಿಳಿಯುವುದರಲ್ಲೇ ಮುಳುಗಿಹೋದೆವು, ಯುದ್ಧ ಬೇಡ ಅಂದವರಿಗೆ ಅಷ್ಟೇ ಜಾಗ ಕೊಡಲಿಲ್ಲ ಎಂದು ಪ್ರಧಾನ ಸಂಪಾದಕ ಲೆನರ್ಡ್ ಡೌನಿ ಒಪ್ಪಿಕೊಂಡರು.

ಡೌನಿ ಅವರ ಮಾತನ್ನು ಇನ್ನೊಮ್ಮೆ ಓದಿ ಮೇಷ್ಟ್ರೇ. ಅದರಲ್ಲಿ ಲಂಚ ಇಲ್ಲ, ಮಾಲೀಕರ ಫೋನ್ ಕರೆ ಇಲ್ಲ. ಇರುವುದು ಪತ್ರಿಕಾ ಕಚೇರಿಯ ದಿನನಿತ್ಯದ ರೂಢಿ. ಮಂತ್ರಿ ಹೇಳಿದರೆ ಸುದ್ದಿ, ಯಾಕೆಂದರೆ ನಾಳೆ ಏನಾಗುತ್ತದೆ ಎನ್ನುವುದು ಮಂತ್ರಿಯ ಕೈಲಿದೆ. ಮಂತ್ರಿಗೆ ಎದುರು ಹೇಳಿಕೆ ಬೇಕಾದರೆ ವಿರೋಧ ಪಕ್ಷದ ನಾಯಕನಿಗೆ ಫೋನ್. ಅಲ್ಲಿಗೆ ಎರಡೂ ಕಡೆ ಕೇಳಿದಂತಾಯಿತು. ಆದರೆ ವಿರೋಧ ಪಕ್ಷದ ನಾಯಕನೇ ಸರ್ಕಾರದ ಪಕ್ಕ ನಿಂತರೆ? 2002ರ ಅಕ್ಟೋಬರಿನಲ್ಲಿ ಆದದ್ದು ಅದೇ. ಯುದ್ಧದ ಅಧಿಕಾರ ಕೊಡುವ ನಿರ್ಣಯ ಕೆಳಮನೆಯಲ್ಲಿ 296-133, ಸೆನೆಟ್‌ನಲ್ಲಿ 77-23 ಮತಗಳಿಂದ ಪಾಸಾಯಿತು. ವಿರುದ್ಧ ಮತ ಹಾಕಿದ ಡೆಮಾಕ್ರಟರು ಕಡಿಮೆಯೇನಲ್ಲ. ಆದರೆ ಪಕ್ಷದ ನಾಯಕರಾದ ಗೆಪ್‌ಹಾರ್ಟ್, ಡ್ಯಾಶಲ್ ಇಬ್ಬರೂ ಅಧ್ಯಕ್ಷ ಬುಷ್ ಪರ. ಅವತ್ತಿಗೆ ಸುದ್ದಿಮನೆಗಳಲ್ಲಿ ಯುದ್ಧ ಬೇಕೋ ಬೇಡವೋ ಅನ್ನುವ ಪ್ರಶ್ನೆ ಮುಗಿದು, ಯಾವಾಗ ಅನ್ನುವುದಷ್ಟೇ ಉಳಿಯಿತು. ಲ್ಯಾನ್ಸ್ ಬೆನೆಟ್ ಎಂಬ ವಿದ್ವಾಂಸರು 1990ರಲ್ಲೇ ಇದನ್ನು ಹೇಳಿದ್ದರು. ಅಧಿಕಾರದಲ್ಲಿರುವವರ ನಡುವೆ ಎಷ್ಟು ಭಿನ್ನಾಭಿಪ್ರಾಯ ಇದೆಯೋ, ಮಾಧ್ಯಮ ಅಷ್ಟನ್ನೇ ತೋರಿಸುತ್ತದೆ. ಬೀದಿಯಲ್ಲಿರುವವರ ಅಭಿಪ್ರಾಯ ಆ ಅಳತೆಪಟ್ಟಿಯ ಹೊರಗೆ.

ವಿಯೆಟ್ನಾಂ ಕಾಲದಲ್ಲೂ ಹೀಗೇ. 1966ರ ಫೆಬ್ರವರಿಯಲ್ಲಿ ಸೆನೆಟರ್ ಫುಲ್‌ಬ್ರೈಟ್ ತಮ್ಮದೇ ಪಕ್ಷದ ಅಧ್ಯಕ್ಷ ಜಾನ್ಸನ್ನರ ಯುದ್ಧದ ಬಗ್ಗೆ ವಿಚಾರಣೆ ಕರೆದರು. ಅಷ್ಟು ದಿನ ಹುಡುಗರ ಗಲಾಟೆ ಅನ್ನಿಸಿಕೊಂಡ ಪ್ರಶ್ನೆಗಳು ಸೆನೆಟರ ಬಾಯಲ್ಲಿ ಬಂದ ಕೂಡಲೇ ನೇರಪ್ರಸಾರಕ್ಕೆ ಯೋಗ್ಯವಾದವು. ಅಲ್ಲೂ ಒಂದು ತಮಾಷೆ ಆಯಿತು. ಹಿರಿಯ ರಾಜತಾಂತ್ರಿಕ ಜಾರ್ಜ್ ಕೆನನ್ ಸಾಕ್ಷ್ಯ ಹೇಳುವ ಹೊತ್ತಿಗೆ ಸಿಬಿಎಸ್ ಅದನ್ನು ಬಿಟ್ಟು ಹಳೆಯ ಹಾಸ್ಯ ಧಾರಾವಾಹಿಯನ್ನು ಮತ್ತೆ ಹಾಕಿತು. ಜಾಹೀರಾತಿನ ದುಡ್ಡು ಹೋಗುತ್ತಲ್ಲ! ಸುದ್ದಿ ವಿಭಾಗದ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. 2003ರಲ್ಲಿ ಅಂಥ ವಿಚಾರಣೆ ಕರೆಯುವ ಫುಲ್‌ಬ್ರೈಟ್ ಇರಲಿಲ್ಲ.

ಯುದ್ಧ ಶುರುವಾದ ಮೇಲಂತೂ ಸ್ಟುಡಿಯೋ ತುಂಬ ನಿವೃತ್ತ ಜನರಲ್‌ಗಳು. ನಕ್ಷೆ ಹರಡಿಕೊಂಡು ಟ್ಯಾಂಕು ಎಲ್ಲಿಗೆ ಬಂತು ಅಂತ ಹೇಳುತ್ತಿದ್ದರು. ಅವರಲ್ಲಿ ಹಲವರಿಗೆ ರಕ್ಷಣಾ ಇಲಾಖೆ ಪೆಂಟಗನ್ ಮೊದಲೇ ಪಾಠ ಹೇಳಿ ಕಳಿಸುತ್ತಿತ್ತು, ಕೆಲವರಿಗೆ ರಕ್ಷಣಾ ಗುತ್ತಿಗೆ ಕಂಪನಿಗಳ ನಂಟೂ ಇತ್ತು ಎಂಬುದನ್ನು ನ್ಯೂಯಾರ್ಕ್ ಟೈಮ್ಸ್‌ನ ಡೇವಿಡ್ ಬಾರ್ಸ್ಟೊ 2008ರಲ್ಲಿ ಬಯಲು ಮಾಡಿದರು, ಪುಲಿಟ್ಜರ್ ಪ್ರಶಸ್ತಿಯೂ ಬಂತು. ಅಷ್ಟೊತ್ತಿಗೆ ಯುದ್ಧಕ್ಕೆ ಐದು ವರ್ಷ. ಫಲ ಏನಾಯಿತು ಅಂದರೆ, 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 69 ಅಮೆರಿಕನ್ನರು ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂ ಹುಸೇನ್ ಕೈವಾಡ ಇದ್ದಿರಬಹುದು ಅಂತ ನಂಬಿದ್ದರು. ಅದಕ್ಕೆ ಯಾವ ಆಧಾರವೂ ಇರಲಿಲ್ಲ.

ಎಲ್ಲರೂ ಹೀಗೇ ಇದ್ದರು ಅಂದರೆ ತಪ್ಪಾಗುತ್ತದೆ. ನೈಟ್ ರಿಡ್ಡರ್ ಅನ್ನುವ ಪತ್ರಿಕಾ ಬಳಗದ ಜೊನಾಥನ್ ಲ್ಯಾಂಡೆ, ವಾರೆನ್ ಸ್ಟ್ರೋಬೆಲ್ ಇಬ್ಬರೂ ಮೊದಲಿನಿಂದಲೂ ಸರ್ಕಾರದ ಮಾತನ್ನು ಅನುಮಾನಿಸಿ ಬರೆದರು. ಮಂತ್ರಿಗಳ ಬಿಟ್ಟು ಕೆಳಗಿನ ಅಧಿಕಾರಿಗಳನ್ನು ಹುಡುಕಿ ಮಾತಾಡಿಸಿದ್ದರು. ಆದರೆ ಅವರ ಬಳಗಕ್ಕೆ ವಾಷಿಂಗ್ಟನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಸ್ವಂತ ಪತ್ರಿಕೆ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಚ್ಚಾದದ್ದನ್ನು ಟೀವಿಯ ದೊರೆಗಳು ಓದಲಿಲ್ಲ.

ಕೊನೆಗೆ ನಿಮ್ಮ ದೊಡ್ಡ ಪ್ರಶ್ನೆ. ಬೀದಿಗಿಳಿಯುವುದು ದಂಡವೇ? ಬುಷ್ ಅವರನ್ನು ಕೇಳಿದ್ದರೆ ಹೌದು ಅನ್ನುತ್ತಿದ್ದರು. ಮೆರವಣಿಗೆಯ ಗಾತ್ರ ನೋಡಿ ನೀತಿ ಬದಲಿಸುವುದು ಅಂದರೆ ಸೋಪು ಮಾರುವವರು ಹತ್ತು ಗಿರಾಕಿಗಳನ್ನು ಕೂರಿಸಿ ಅಭಿಪ್ರಾಯ ಕೇಳಿದಂತೆ ಎಂಬ ಧಾಟಿಯಲ್ಲಿ ಫೆಬ್ರವರಿ 18ರಂದು ತಳ್ಳಿಹಾಕಿದ್ದರು.

ಇಲ್ಲಿ ಬ್ರಿಟನ್ ನೋಡಬೇಕು. ಅಲ್ಲಿ ಮಾಧ್ಯಮ ಕಡೆಗಣಿಸಿತು ಅನ್ನಲು ಬರುವುದೇ ಇಲ್ಲ. ಡೈಲಿ ಮಿರರ್ ಪತ್ರಿಕೆ ಯುದ್ಧದ ವಿರುದ್ಧ ಅಭಿಯಾನ ನಡೆಸಿ, ಮೆರವಣಿಗೆಗೆ ಫಲಕಗಳನ್ನೂ ಅಚ್ಚು ಹಾಕಿ ಕೊಟ್ಟಿತ್ತು. ಇಂಡಿಪೆಂಡೆಂಟ್ ಪತ್ರಿಕೆಯೂ ವಿರುದ್ಧವಿತ್ತು. ಲಂಡನ್ನಿನ ಮೆರವಣಿಗೆ ಸೇರಿದ ಹೈಡ್ ಪಾರ್ಕ್ ವೇದಿಕೆಯಲ್ಲಿ ಲಿಬರಲ್ ಡೆಮಾಕ್ರಟ್ ನಾಯಕ ಚಾರ್ಲ್ಸ್ ಕೆನಡಿ ನಿಂತು ಮಾತಾಡಿದರು. ಹಿರಿಯ ಮಂತ್ರಿ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ಕೊಟ್ಟರು. ಮರುದಿನ ಪ್ರಧಾನಿ ಬ್ಲೇರ್ ಪಕ್ಷದ 139 ಸಂಸದರೇ ಅವರ ವಿರುದ್ಧ ನಿಂತರು. ಆಳುವವರಲ್ಲೇ ಒಡಕು ಇದ್ದದ್ದರಿಂದ ಪತ್ರಿಕೆಗಳಲ್ಲೂ ಜಾಗ ಸಿಕ್ಕಿತು. ಆದರೂ 412-149 ಮತಗಳಿಂದ ಯುದ್ಧ ಪಾಸಾಯಿತು. ಸುದ್ದಿಯಾದರೆ ಯುದ್ಧ ನಿಲ್ಲುತ್ತದೆ ಅಂತ ನಾನು ನಿಮಗೆ ಹೇಳಲಾರೆ.

ಆದರೆ 2013ರ ಆಗಸ್ಟ್ 29ರಂದು ಅದೇ ಸಂಸತ್ತಿನ ಮುಂದೆ ಸಿರಿಯಾ ಮೇಲೆ ದಾಳಿಯ ಪ್ರಸ್ತಾವ ಬಂತು. ಪ್ರಧಾನಿ ಕ್ಯಾಮರನ್ ಎದ್ದು ನಿಂತು, ಇದು ಇರಾಕ್ ಅಲ್ಲ ಅಂತ ಮತ್ತೆ ಮತ್ತೆ ಸಮಜಾಯಿಷಿ ಹೇಳಬೇಕಾಯಿತು. ಗುಪ್ತಚರ ಮಾಹಿತಿ ಎಷ್ಟು ಖಚಿತ, ವಿಶ್ವಸಂಸ್ಥೆ ತನಿಖಾಧಿಕಾರಿಗಳು ವರದಿ ಕೊಡುವವರೆಗೆ ಕಾಯಬಾರದೇ ಎಂದು ಸಂಸದರು ಕೇಳಿದರು. ಹತ್ತು ವರ್ಷದ ಹಿಂದೆ ಹೈಡ್ ಪಾರ್ಕಿನಲ್ಲಿ ಕೇಳಿದ್ದ ಪ್ರಶ್ನೆಗಳೇ. ಪ್ರಸ್ತಾವ 285-272ರಲ್ಲಿ ಬಿದ್ದುಹೋಯಿತು. ಎರಡು ದಿನ ಕಳೆದು ಒಬಾಮ ಕೂಡ, ಕಾಂಗ್ರೆಸ್ಸನ್ನು ಕೇಳದೆ ದಾಳಿ ಮಾಡುವುದಿಲ್ಲ ಅಂದರು. ಅಲ್ಲಿ ಅದು ಇಡೀ ಸದನದ ಮತಕ್ಕೇ ಬರಲಿಲ್ಲ.

ಇಂತು ನಿಮ್ಮವ,
ಸಂಪಾದಕ